ಅಜ್ಜಿಯ ರೇಡಿಯೊ ಪೆಟ್ಟಿಗೆ: ವೆನಿಯರ್‌ನಲ್ಲಿರುವ ಸಣ್ಣ ತೂತು ತುಂಬುವುದು ಹೇಗೆ?

ಸಾಗರದ ಮಳೆ

ಎಲ್ಲರಿಗೂ ನಮಸ್ಕಾರ. ಮರದ ಕೆಲಸ ಗೊತ್ತಿರುವವರು ಒಂದು ದಾರಿ ಹೇಳಿ.

ಅಜ್ಜಿ ಮನೆಯ ಅಟ್ಟದಿಂದ ಹಳೇ ವಾಲ್ವ್ ರೇಡಿಯೊ ಇಳಿಸಿದ್ದೇವೆ. ಒಳಗೆ ಆಗ ರೇಡಿಯೊ ಇಡಲು ಬೇಕಿದ್ದ ಲೈಸೆನ್ಸ್‌ನ ಪುಸ್ತಕವೂ ಸಿಕ್ಕಿತು, 1964ರ ಅಂಚೆ ಕಚೇರಿಯ ಮುದ್ರೆ ಇದೆ. ಪೆಟ್ಟಿಗೆ ಪ್ಲೈವುಡ್‌ನದು, ಮೇಲೆ ವೆನಿಯರ್, ಅಂದರೆ ತೆಳ್ಳಗಿನ ಮರದ ಹಾಳೆ, ಅಂಟಿಸಿದ್ದಾರೆ. ಗಾಢ ಕಂದು ಬಣ್ಣ. ಬೀಟೆ ಇರಬೇಕು ಅಂತಾರೆ ಅಪ್ಪ. ಮೇಲ್ಭಾಗದಲ್ಲಿ ಹದಿನಾಲ್ಕು ಸಣ್ಣ ತೂತು ಎಣಿಸಿದೆ. ಹನ್ನೊಂದು ಗುಂಡುಸೂಜಿ ತಲೆಯಷ್ಟು ಇವೆ. ಉಳಿದ ಮೂರು ಮೊಳೆ ಹೊಡೆದು ಕಿತ್ತ ಹಾಗೆ ಕಾಣುತ್ತವೆ. ಬಲ ಮೂಲೆಯಲ್ಲಿ ಕಡಲೆಬೇಳೆಯಷ್ಟು ಜಾಗದಲ್ಲಿ ವೆನಿಯರ್ ಎದ್ದೇ ಹೋಗಿದೆ.

ಪೇಟೆಯಲ್ಲಿ ಕೇಳಿದೆ. "ಉಪ್ಪು ಕಾಗದದಲ್ಲಿ ಉಜ್ಜಿ, ಪುಟ್ಟಿ ತುಂಬಿ, ಹೊಸದಾಗಿ ಪಾಲಿಶ್ ಹೊಡೆದು ಕೊಡ್ತೀವಿ" ಅಂದರು. ಮನಸ್ಸು ಒಪ್ಪಲಿಲ್ಲ. ಅಜ್ಜಿಗೆ ಈಗ 86. ಸಂಜೆ ಈ ರೇಡಿಯೊ ಪಕ್ಕ ಕೂತು ಎಲೆ ಅಡಿಕೆ ಹಾಕುತ್ತಿದ್ದರು. ಸುಣ್ಣದ ಡಬ್ಬಿ ಇಟ್ಟು ಇಟ್ಟು ಮೂಡಿದ ದುಂಡು ಗುರುತು ಮೇಲ್ಗಡೆ ಇನ್ನೂ ಇದೆ. ಆ ಗುರುತು ಹೋಗಬಾರದು, ತೂತು ಮಾತ್ರ ಮುಚ್ಚಬೇಕು. ಆಗುತ್ತಾ?

ಗರಗಸ

ಸುಲಭದ ಕೆಲಸ ಇದು. ಅದೇ ಜಾತಿ ಮರದ ಹೊಟ್ಟನ್ನು ಸಣ್ಣಗೆ ಜರಡಿ ಹಿಡಿಯಿರಿ, ಫೆವಿಕಾಲ್‌ನಲ್ಲಿ ಕಲಸಿ ತುಂಬಿ, ಒಣಗಿದ ಮೇಲೆ ಉಜ್ಜಿ. ನಮ್ಮಪ್ಪ ಮೂವತ್ತು ವರ್ಷ ಹೀಗೇ ಮಾಡಿದ್ದಾರೆ. ಬೀಟೆ ಮರದಲ್ಲಿ ಅವರು ತುಂಬಿದ ಜಾಗ ಹುಡುಕಿದರೂ ಸಿಗಲ್ಲ.

ಪಾಲಿಶ್ ಮನೆ

ಸಾಗರದವರೇ, ಉಪ್ಪು ಕಾಗದ ಮಾತ್ರ ಮುಟ್ಟಬೇಡಿ. ಮೊದಲು ಅಷ್ಟು ಹೇಳಿಬಿಡ್ತೀನಿ.

ಈಗ ಅಂಗಡಿಯಲ್ಲಿ ಸಿಗುವ ವೆನಿಯರ್ ಹೆಚ್ಚು ಕಡಿಮೆ ಅರ್ಧ ಮಿಲಿಮೀಟರ್ ದಪ್ಪ. ಹಳೇದು ಸ್ವಲ್ಪ ದಪ್ಪ ಇರಬಹುದು. ಆದರೂ ಬೆರಳ ತುದಿಯಲ್ಲಿ ನಾಲ್ಕು ಸಲ ಜೋರಾಗಿ ಉಜ್ಜಿದರೆ ಕೆಳಗಿನ ಪ್ಲೈ ಬೆಳ್ಳಗೆ ಕಾಣುತ್ತೆ. ಒಮ್ಮೆ ಕಂಡರೆ ಮುಗಿಯಿತು, ಅದನ್ನು ಮರಳಿ ತರುವುದಕ್ಕೆ ಆಗಲ್ಲ. ಇನ್ನೊಂದು ಮಾತು. ಆ ಕಾಲದ ರೇಡಿಯೊ ಪೆಟ್ಟಿಗೆಗಳಲ್ಲಿ ಬಣ್ಣ ಎಷ್ಟೋ ಸಲ ಮರದಲ್ಲಿ ಇರುವುದಿಲ್ಲ, ಮೇಲೆ ಹೊಡೆದ ಲ್ಯಾಕರ್, ಅಂದರೆ ಹೊಳಪಿನ ಲೇಪದಲ್ಲಿ ಇರುತ್ತೆ. ತಿಳಿ ಮರಕ್ಕೆ ಕಂದು ಲ್ಯಾಕರ್ ಹೊಡೆದು ಗಾಢ ಮಾಡುತ್ತಿದ್ದರು. ನಿಮ್ಮದೂ ಬೀಟೆ ಆಗಿರಲೇಬೇಕು ಅಂತಿಲ್ಲ. ಹಿಂದಿನ ಮುಚ್ಚಳ ಬಿಚ್ಚಿ, ಲ್ಯಾಕರ್ ತಾಗದ ಅಂಚು ನೋಡಿ. ಅಲ್ಲಿ ನಿಜವಾದ ಮರ ಕಾಣುತ್ತೆ.

ಗರಗಸ ಅವರೇ, ನಿಮ್ಮ ತಂದೆ ಮಾಡಿದ್ದು ಸರಿಯೇ, ಬೀಟೆಗೆ. ನಮ್ಮ ಮೈಸೂರಿನಲ್ಲಿ ಬೀಟೆ ಮರದಲ್ಲಿ ಇನ್ಲೇ, ಅಂದರೆ ಬೇರೆ ಬಣ್ಣದ ಮರದ ಚೂರು ಕೂರಿಸುವ ಕೆಲಸದವರು ಹೂ, ಎಲೆ, ಆನೆ ಕೂರಿಸಿದ ಮೇಲೆ ಸುತ್ತ ಉಳಿದ ಸಂದಿಗೆ ಬೀಟೆಯ ಪುಡಿಯನ್ನೇ ಅಂಟಿನಲ್ಲಿ ಕಲಸಿ ತುಂಬುತ್ತಾರೆ. ಅಲ್ಲಿ ಅದು ಕಾಣಲ್ಲ. ಯಾಕೆಂದರೆ ಬೀಟೆಯಲ್ಲೇ ಕಪ್ಪು ಗೆರೆ ಇದೆ, ಬಣ್ಣ ಹಚ್ಚುವ ಗೋಜಿಲ್ಲ, ಮೇಲೆ ಬರೀ ತಿಳಿ ಪಾಲಿಶ್. ಅದೇ ಕೆಲಸ ತೇಗದ ವೆನಿಯರ್ ಮೇಲೆ ಮಾಡಿ ನೋಡಿ. ಅಂಟಿನಲ್ಲಿ ನೆನೆದ ಸಣ್ಣ ಪುಡಿ ಮರಕ್ಕಿಂತ ಒಂದು ಪಟ್ಟು ಕಪ್ಪಾಗುತ್ತೆ. ಸುತ್ತ ಹರಡಿದ ಫೆವಿಕಾಲ್ ಒಣಗಿದಾಗ ಏನೂ ಕಾಣಲ್ಲ. ಆದರೆ ಬಣ್ಣ ಹಚ್ಚಿದ ಕೂಡಲೇ ಆ ಜಾಗ ಬಣ್ಣ ಹೀರದೆ ಬೆಳ್ಳಗೆ ಉಳಿಯುತ್ತೆ. ನಡುವೆ ಕಪ್ಪು ಚುಕ್ಕೆ, ಸುತ್ತ ಬಿಳಿ ಉಂಗುರ. ಮೀನಿನ ಕಣ್ಣು ನೋಡಿದ ಹಾಗೆ ಇರುತ್ತೆ.

ಗರಗಸ

ಹೌದು ಸರ್, ಅಪ್ಪ ಬರೀ ಬೀಟೆ ಮತ್ತು ಹೊನ್ನೆಯಲ್ಲೇ ಕೆಲಸ ಮಾಡಿದ್ದು. ಹೊನ್ನೆಗೆ ಬೇರೆ ಏನೋ ಹಾಕುತ್ತಿದ್ದ ನೆನಪು. ಇವತ್ತು ರಾತ್ರಿ ಕೇಳಿ ಹೇಳ್ತೀನಿ.

ಹಳೇ ವಾಲ್ವ್

ಧಾರವಾಡದಿಂದ. ನಾನು ರೇಡಿಯೊ ರಿಪೇರಿಯವನು, ಮರದ ಕೆಲಸ ಅದರ ಜೊತೆಗೆ ಕಲಿತಿದ್ದು.

ಮೊದಲು ಪೆಟ್ಟಿಗೆಯಿಂದ ರೇಡಿಯೊ ಹೊರಗೆ ತೆಗೆಯಿರಿ. ಪ್ಲಗ್ ಹಾಕಿ ನೋಡುವ ಆಸೆ ಆಗುತ್ತೆ, ಬೇಡ. ಅಷ್ಟು ವರ್ಷ ಅಟ್ಟದಲ್ಲಿದ್ದ ಕೆಪಾಸಿಟರ್‌ಗಳಿಗೆ ನೇರ ಕರೆಂಟ್ ಕೊಟ್ಟರೆ ಸಿಡಿಯಬಹುದು. ಗುಬುಟುಗಳನ್ನು ನೇರವಾಗಿ ಮುಂದಕ್ಕೆ ಎಳೆಯಿರಿ. ಬರದಿದ್ದರೆ ಬದಿಯಲ್ಲಿ ಪುಟ್ಟ ಸ್ಕ್ರೂ ಇರುತ್ತೆ. ಆಮೇಲೆ ಅಡಿಭಾಗದ ನಾಲ್ಕು ಬೋಲ್ಟ್. ಡಯಲ್ ಗಾಜಿನ ಊರ ಹೆಸರುಗಳ ಮೇಲೆ ಸ್ಪಿರಿಟ್ ಬಟ್ಟೆ ತಾಗಿಸಬೇಡಿ, ಅಕ್ಷರ ಅಳಿಸಿ ಹೋಗುತ್ತೆ.

ಇನ್ನು ಆ ಹನ್ನೊಂದು ತೂತು. ದುಂಡಗೆ, ಒಂದೆರಡು ಮಿಲಿಮೀಟರ್ ಅಗಲ ಇದ್ದರೆ ಅದು ಕುಟ್ಟೆ ಹುಳದ್ದು. ಹುಳ ಮೇಲಿಂದ ಕೊರೆದು ಒಳಗೆ ಹೋಗಿದ್ದಲ್ಲ. ಒಳಗೇ ಬೆಳೆದು, ರೆಕ್ಕೆ ಬಂದ ಮೇಲೆ ಹೊರಗೆ ಹಾರಿದ ಬಾಗಿಲು ಅದು. ಅಂದರೆ ಮೇಲೆ ಸಾಸಿವೆಯಷ್ಟು ತೂತು, ಕೆಳಗೆ ಪ್ಲೈನಲ್ಲಿ ಉದ್ದಕ್ಕೆ ಸುರಂಗ. ತುಂಬುವ ಮೊದಲು ಹುಳ ಈಗಲೂ ಇದೆಯಾ ನೋಡಬೇಕು. ಇಲ್ಲದಿದ್ದರೆ ನೀವು ಇಲ್ಲಿ ಮುಚ್ಚಿದರೆ ಅದು ಪಕ್ಕದಲ್ಲಿ ಹೊಸ ಬಾಗಿಲು ತೆಗೆಯುತ್ತೆ.

ಪೆಟ್ಟಿಗೆಯನ್ನು ಕಪ್ಪು ಕಾಗದದ ಮೇಲೆ ತೂತು ಕೆಳಗಾಗುವಂತೆ ಮಗುಚಿ ಇಡಿ. ಮೂರು ವಾರ ಬಿಡಿ. ಮೈದಾ ಹಿಟ್ಟಿನಂತೆ ನುಣ್ಣನೆ ತಿಳಿ ಪುಡಿ ಮತ್ತೆ ಮತ್ತೆ ಬಿದ್ದರೆ ಹುಳ ಬದುಕಿದೆ. ತೂತಿನ ಅಂಚು ಒಳಗಡೆ ಕಪ್ಪಾಗಿದ್ದು, ಪುಡಿ ಬೀಳದಿದ್ದರೆ ಹಳೇ ಕಥೆ.

ಸಾಗರದ ಮಳೆ

ಪುಡಿ ಬಿದ್ದರೆ? ಬೋರಿಕ್ ಪೌಡರ್ ನೀರಲ್ಲಿ ಕಲಸಿ ಬಿಡಬಹುದಾ? ನಮ್ಮ ಕಡೆ ಮನೆ ತೊಲೆಗೆ ಹಾಗೆ ಮಾಡುತ್ತಾರೆ.

ಹಳೇ ವಾಲ್ವ್

ತೊಲೆಗೆ ಸರಿ, ವೆನಿಯರ್‌ಗೆ ಬೇಡ. ನೀರು ತಾಗಿದರೆ ಹಳೇ ಅಂಟು ಬಿಟ್ಟು ವೆನಿಯರ್ ಹಪ್ಪಳದಂತೆ ಉಬ್ಬುತ್ತೆ. ಕುಟ್ಟೆ ಹುಳಕ್ಕೆ ಅಂತಲೇ ಎಣ್ಣೆ ರೂಪದ ಔಷಧಿ ಸಿಗುತ್ತೆ. ಅದನ್ನು ಪೆಟ್ಟಿಗೆಯ ಒಳಗಡೆ, ಪಾಲಿಶ್ ಇಲ್ಲದ ಬದಿಗೆ ಬ್ರಶ್‌ನಿಂದ ಹಚ್ಚಿ. ಕೈಗೆ ಗ್ಲೌಸ್ ಇರಲಿ, ಕಿಟಕಿ ತೆಗೆದಿರಲಿ. ಮೇಲಿನ ತೂತಿಗೆ ಎಣ್ಣೆ ಬಿಡಬೇಡಿ, ಆಮೇಲೆ ಅಲ್ಲಿ ಏನೂ ಹಿಡಿಯಲ್ಲ.

ಪಾಲಿಶ್ ಮನೆ

ಹಳೇ ವಾಲ್ವ್ ಅವರು ಹೇಳಿದ ಸುರಂಗದ ಮಾತು ಮುಖ್ಯ. ಉಗುರಿನಿಂದ ತೂತಿನ ಸುತ್ತ ಮೆಲ್ಲಗೆ ತಟ್ಟಿ. ಗಟ್ಟಿ ಜಾಗದಲ್ಲಿ ಟಕ್ ಅನ್ನುತ್ತೆ, ಟೊಳ್ಳು ಇದ್ದಲ್ಲಿ ಸದ್ದು ಸಡಿಲ. ಟೊಳ್ಳಿರುವ ಕಡೆ ಹಾಗೇ ಪುಟ್ಟಿ ತುಂಬಿದರೆ ನಾಳೆ ಯಾರೋ ಲೋಟ ಇಟ್ಟಾಗ ವೆನಿಯರ್ ಕುಸಿಯುತ್ತೆ. ತೆಳು ಎಪಾಕ್ಸಿ ಅಂಟನ್ನು ಸಿರಿಂಜ್‌ನಲ್ಲಿ ಎರಡು ಹನಿ ಬಿಟ್ಟು, ವೆನಿಯರ್‌ಗಿಂತ ಕೂದಲೆಳೆಯಷ್ಟು ಕೆಳಗೇ ನಿಲ್ಲಿಸಿ. ಅದು ಅಡಿಪಾಯ. ಮೇಲೆ ಹೊರಗೆ ಕಾಣುವ ಪದರ ಬೇರೆ.

ಆ ಮೇಲಿನ ಪದರ ಯಾವುದು ಅಂತ ಗೊತ್ತಾಗಬೇಕಾದರೆ ಈಗಿರುವ ಪಾಲಿಶ್ ಯಾವುದು ಅಂತ ತಿಳಿಯಬೇಕು. ಅಡಿಭಾಗದ ಅಂಚಿನಲ್ಲಿ, ಯಾರಿಗೂ ಕಾಣದ ಜಾಗದಲ್ಲಿ, ಹತ್ತಿ ಕಡ್ಡಿಗೆ ಸ್ಪಿರಿಟ್ ಅದ್ದಿ ಒಂದು ನಿಮಿಷ ಒತ್ತಿ ಹಿಡಿಯಿರಿ. ಅಂಟಂಟಾದರೆ ಅರಗಿನ ಪಾಲಿಶ್. ಇಲ್ಲದಿದ್ದರೆ ಎನ್‌ಸಿ (ನೈಟ್ರೋಸೆಲ್ಯುಲೋಸ್) ಥಿನ್ನರ್‌ನಲ್ಲಿ ಅದೇ ಪರೀಕ್ಷೆ. ಈಗ ಅಂಟಿದರೆ ಎನ್‌ಸಿ ಲ್ಯಾಕರ್. ಎರಡಕ್ಕೂ ಜಗ್ಗದಿದ್ದರೆ ಆಮೇಲೆ ಯಾರೋ ಮೆಲಮೈನ್ ಅಥವಾ ಪಿಯು (ಪಾಲಿಯುರೆಥೇನ್) ಅನ್ನುವ ಗಟ್ಟಿ ಪಾಲಿಶ್ ಹೊಡೆದಿದ್ದಾರೆ ಅಂತ ಅರ್ಥ.

ಹೊಸಮನೆ

ನಡುವೆ ಬಂದಿದ್ದಕ್ಕೆ ಕ್ಷಮಿಸಿ. ನನ್ನದೂ ಇದೇ ಗೋಳು, ಆದರೆ ಹೊಸ ವಾರ್ಡ್‌ರೋಬ್. ತೇಗದ ವೆನಿಯರ್. ಅಂಚಿಗೆ ಬೀಡಿಂಗ್ (ತೆಳು ಮರದ ಪಟ್ಟಿ) ಕೂರಿಸುವಾಗ ಗನ್‌ನಿಂದ ಪಿನ್ ಹೊಡೆದರು. ಆ ತೂತಿಗೆ ಡಬ್ಬಿಯ ರೆಡಿಮೇಡ್ ಪುಟ್ಟಿ ಮೆತ್ತಿ ಮೇಲೆ ಮೆಲಮೈನ್ ಹೊಡೆದಿದ್ದಾರೆ. ಈಗ ಸಾಲಾಗಿ ನಲವತ್ತು ಚುಕ್ಕೆ, ಬಿಸ್ಕೆಟ್ ಬಣ್ಣ. ಬಾಗಿಲು ತೆಗೆದಾಗಲೆಲ್ಲ ಕಣ್ಣಿಗೆ ಅದೇ ಹೊಡೆಯುತ್ತೆ. ಪಾಲಿಶ್ ಪೂರ್ತಿ ತೆಗೆಸಬೇಕಾ?

ಪಾಲಿಶ್ ಮನೆ

ಬೇಡ ಮೇಡಂ, ತೆಗೆಸಬೇಡಿ. ಹೊಸ ವೆನಿಯರ್ ಇನ್ನೂ ತೆಳು.

ಪುಟ್ಟಿಯ ಬಣ್ಣವನ್ನು ಒಣ ಮರಕ್ಕೆ ಹೊಂದಿಸಿರುತ್ತಾರೆ. ಪಾಲಿಶ್ ಬಿದ್ದ ಮೇಲೆ ಮರ ಗಾಢ ಆಗುತ್ತೆ, ಪುಟ್ಟಿ ಹಾಗೇ ನಿಲ್ಲುತ್ತೆ. ಕೆಲಸ ಶುರು ಮಾಡುವ ಮೊದಲು ಬಟ್ಟೆಗೆ ಸ್ಪಿರಿಟ್ ಅದ್ದಿ ಮರದ ಮೇಲೆ ಒಮ್ಮೆ ಎಳೆದರೆ ಅರ್ಧ ನಿಮಿಷ ಮರ ತನ್ನ ಮುಂದಿನ ಬಣ್ಣ ತೋರಿಸುತ್ತೆ. ಆ ಬಣ್ಣಕ್ಕೆ ಕಲಸಬೇಕಿತ್ತು. ಈಗ ಮುಗಿದ ಮಾತು.

ನಿಮ್ಮದಕ್ಕೆ ದಾರಿ ಇದೆ. ಚಕ್ಕೆ ಅರಗನ್ನು ಸ್ಪಿರಿಟ್‌ನಲ್ಲಿ ಕರಗಿಸಿ, ಬಣ್ಣದ ಪುಡಿ ಬೆರೆಸಿ, ತೀರಾ ಸಣ್ಣ ಬ್ರಶ್‌ನಿಂದ ಆ ಚುಕ್ಕೆಗಳ ಮೇಲೆ ಮಾತ್ರ ಹಚ್ಚಿ. ಬಣ್ಣದ ಪುಡಿ ಅಂದರೆ ಹಾರ್ಡ್‌ವೇರ್ ಅಂಗಡಿಯಲ್ಲಿ ನೆಲಕ್ಕೆ ಕೊಡುವ ರೆಡ್ ಆಕ್ಸೈಡ್, ಯೆಲ್ಲೋ ಆಕ್ಸೈಡ್, ಬ್ಲ್ಯಾಕ್ ಆಕ್ಸೈಡ್. ತೇಗಕ್ಕೆ ಹಳದಿ ಜಾಸ್ತಿ, ಕೆಂಪು ಚಿಟಿಕೆ, ಕಪ್ಪು ಸೂಜಿ ಮೊನೆಯಷ್ಟು. ಅರಗು ಮೆಲಮೈನ್ ಮೇಲೂ ಹಿಡಿಯುತ್ತೆ. ತಪ್ಪಾದರೆ ಸ್ಪಿರಿಟ್ ಬಟ್ಟೆಯಿಂದ ಒರೆಸಿ, ಕೆಳಗಿನ ಮೆಲಮೈನ್‌ಗೆ ಏನೂ ಆಗಲ್ಲ. ಹತ್ತು ಸಲ ತಪ್ಪು ಮಾಡಬಹುದು. ಮಾರ್ಕರ್ ಪೆನ್ ಮಾತ್ರ ಬೇಡ, ಬಿಸಿಲಿಗೆ ಬಣ್ಣ ಹಾರಿ ನೇರಳೆ ಛಾಯೆ ಬರುತ್ತೆ.

ಈಗ ಇಬ್ಬರಿಗೂ ಸೇರಿಸಿ ಒಂದು ಮಾತು. ಈ ಕೆಲಸದಲ್ಲಿ ಎಲ್ಲರೂ ಎಡವುವುದು ಇಲ್ಲೇ. ತೂತಿಗೆ ಸುತ್ತಲಿನ ಮರದ ಸರಾಸರಿ ಬಣ್ಣ ಕೊಡಬೇಡಿ. ಎಷ್ಟೇ ಹೊಂದಿಸಿದರೂ ಅದು ದುಂಡು ಚುಕ್ಕೆಯಾಗಿಯೇ ಕಾಣುತ್ತೆ, ಯಾಕೆಂದರೆ ಮರದಲ್ಲಿ ದುಂಡು ಚುಕ್ಕೆ ಅಂತ ಇಲ್ಲ. ಅಲ್ಲಿ ಹಾದು ಹೋಗುವ ಎಳೆಗಳಲ್ಲಿ ತೀರಾ ಗಾಢವಾದದ್ದು ಯಾವುದು ನೋಡಿ, ಆ ಬಣ್ಣ ಕೊಡಿ. ಆಮೇಲೆ ಅದೇ ಬಣ್ಣದಲ್ಲಿ ಚುಕ್ಕೆಯ ಎರಡೂ ತುದಿಯಿಂದ ಎಳೆ ಹೋಗುವ ದಿಕ್ಕಿಗೆ ರೆಪ್ಪೆ ಕೂದಲಿನಷ್ಟು ತೆಳು ಗೆರೆ ಎಳೆಯಿರಿ, ಅರ್ಧ ಸೆಂಟಿಮೀಟರ್ ಸಾಕು. ಆಗ ನೋಡುವವರ ಕಣ್ಣು ಅದನ್ನು ಮರದ್ದೇ ಗೆರೆ ಅಂದುಕೊಂಡು ಮುಂದೆ ಹೋಗುತ್ತೆ. ನಾನು ಹದಿನೈದು ವರ್ಷ ಬಣ್ಣ ಹೊಂದಿಸುವುದಕ್ಕೇ ಒದ್ದಾಡಿದೆ. ಗೆರೆ ಎಳೆಯುವುದನ್ನು ಕಲಿತ ಮೇಲೆ ಕೆಲಸ ಕೈಗೆ ಹತ್ತಿತು.

ಹೊಸಮನೆ

ಚುಕ್ಕೆಯನ್ನು ಗಾಢ ಮಾಡಬೇಕು ಅಂತ ಹೊಳೆದೇ ಇರಲಿಲ್ಲ. ತಿಳಿ ಮಾಡುವುದಕ್ಕೇ ನೋಡ್ತಿದ್ದೆ. ನಾಳೆ ಒಂದು ಮೂಲೆಯಲ್ಲಿ ಮಾಡಿ ನೋಡ್ತೀನಿ. ತುಂಬಾ ಥ್ಯಾಂಕ್ಸ್ ಸರ್.

ಪಾಲಿಶ್ ಮನೆ

ಹಗಲು ಹೊತ್ತು, ಕಿಟಕಿ ಬೆಳಕಲ್ಲಿ ಮಾಡಿ ಮೇಡಂ. ಆಮೇಲೆ ರಾತ್ರಿ ಆ ಕೋಣೆಯ ದೀಪದಲ್ಲೂ ನೋಡಿ. ಬಿಳಿ ಎಲ್‌ಇಡಿ ಕೆಳಗೆ ಹೊಂದಿದ ಬಣ್ಣ ಹಳದಿ ದೀಪದಲ್ಲಿ ಬೇರೆ ಆಗಿರುತ್ತೆ.

ಬೊಂಬೆ ಊರು

ಅರಗಿನ ಮಾತು ಬಂದಿದ್ದಕ್ಕೆ ಹೇಳ್ತಿದ್ದೀನಿ. ನಮ್ಮದು ಚನ್ನಪಟ್ಟಣ, ಮನೆಯಲ್ಲಿ ಲೇತ್ ಇದೆ. ಬೊಂಬೆಗೆ ಬಣ್ಣ ಕೊಡುವುದು ಅರಗಿನ ಕಡ್ಡಿಯಿಂದ. ಅರಗು ಕಾಯಿಸಿ, ಬಣ್ಣದ ಪುಡಿ ಹಾಕಿ, ಎಳೆದೆಳೆದು ನಾದಿ ಕಡ್ಡಿ ಮಾಡ್ತೀವಿ. ತಿರುಗುವ ಮರಕ್ಕೆ ಒತ್ತಿದರೆ ಉಜ್ಜುವ ಬಿಸಿಗೇ ಕರಗಿ ಹತ್ತುತ್ತೆ. ಆಮೇಲೆ ತಾಳೆ ಗರಿ ಒತ್ತಿ ಹೊಳಪು ಕೊಡುವುದು.

ಮನೆಯ ಬಾಗಿಲಿನ ತೂತಿಗೆ ನಮ್ಮಮ್ಮ ಈ ಕಡ್ಡಿಯನ್ನೇ ಹಾಕ್ತಾರೆ. ಹಳೇ ಚಾಕುವಿನ ತುದಿ ಕಾಯಿಸಿ, ಕಡ್ಡಿಗೆ ತಾಗಿಸಿದರೆ ಒಂದು ಹನಿ ಕರಗಿ ಬರುತ್ತೆ. ಅದನ್ನು ತೂತಿಗೆ ಇಳಿಸಿ ಒತ್ತಿದರೆ ಎರಡು ನಿಮಿಷದಲ್ಲಿ ಕಲ್ಲಿನಂತೆ ಗಟ್ಟಿ. ಕಂದು ಕಡ್ಡಿ ಮತ್ತು ಕಪ್ಪು ಕಡ್ಡಿ ಒಟ್ಟಿಗೆ ಕಾಯಿಸಿ ತಿರುಚಿದರೆ ನಿಮಗೆ ಬೇಕಾದ ಬಣ್ಣ ಬರುತ್ತೆ. ಅರಗು ಕುಗ್ಗಲ್ಲ. ನೀರಿನ ಪುಟ್ಟಿ ಒಣಗಿದಾಗ ನಡುವೆ ಗುಳಿ ಬೀಳುತ್ತೆ ಅಲ್ವಾ, ಅದು ಇಲ್ಲಿ ಇಲ್ಲ.

ಪಾಲಿಶ್ ಮನೆ

ಬೊಂಬೆ ಊರಿನವರೇ, ಇದು ನನಗೆ ಯಾಕೆ ಹೊಳೆಯಲಿಲ್ಲವೋ! ಹಳೇ ಪೀಠೋಪಕರಣ ಸರಿ ಮಾಡುವವರು ಹೊರದೇಶದಲ್ಲಿ ಶೆಲ್ಯಾಕ್ ಕಡ್ಡಿ ಅಂತ ದುಡ್ಡು ಕೊಟ್ಟು ತರಿಸಿಕೊಳ್ಳುವುದು ಇದನ್ನೇ. ನಮ್ಮ ಪಕ್ಕದ ಊರಲ್ಲೇ ಇದೆ.

ಸಾಗರದವರೇ, ನಿಮ್ಮ ಪೆಟ್ಟಿಗೆಗೆ ಇದೇ ಸರಿ. ಎಚ್ಚರ ಒಂದೇ. ಅರಗು ಸುಮಾರು 75 ಡಿಗ್ರಿಗೆ ಮೆತ್ತಗಾಗಿ ಕರಗುತ್ತೆ, ಅಷ್ಟು ಬಿಸಿ ಸಾಕು. ಚಾಕು ಕೆಂಪಗೆ ಕಾದರೆ ಅರಗು ಸುಟ್ಟು ನೊರೆ ಬರುತ್ತೆ, ಸುತ್ತಲಿನ ಲ್ಯಾಕರ್ ಉಬ್ಬುತ್ತೆ. ಎನ್‌ಸಿ ಲ್ಯಾಕರ್‌ಗೆ ಬೆಂಕಿ ಬೇಗ ಹಿಡಿಯುತ್ತೆ, ಆದ್ದರಿಂದ ಪೆಟ್ಟಿಗೆ ಹತ್ತಿರ ದೀಪ, ಸ್ಟೌ ಬೇಡ. ದೂರದಲ್ಲಿ ಕಾಯಿಸಿ ತನ್ನಿ. ಗಟ್ಟಿಯಾದ ಮೇಲೆ ಉಬ್ಬಿರುವ ಭಾಗವನ್ನು ಹೊಸ ಬ್ಲೇಡ್ ನೆಟ್ಟಗೆ ಹಿಡಿದು ಕೆರೆಯಿರಿ. ಬ್ಲೇಡಿನ ಎರಡು ತುದಿಗೆ ಒಂದೊಂದು ಸುತ್ತು ಸೆಲ್ಲೋಟೇಪ್ ಸುತ್ತಿದರೆ ನಡುವಿನ ಭಾಗ ಮಾತ್ರ ಅರಗಿಗೆ ತಾಗುತ್ತೆ, ಮರ ಉಳಿಯುತ್ತೆ. ಟೇಪನ್ನು ಪೆಟ್ಟಿಗೆ ಮೇಲೆ ಅಂಟಿಸಬೇಡಿ, ಕೀಳುವಾಗ ಹಳೇ ಲ್ಯಾಕರ್ ಕಿತ್ತು ಬರುತ್ತೆ.

ರೈನ್ ದಂಡೆ

ಜರ್ಮನಿಯಿಂದ. ಇಲ್ಲಿ ಗಟ್ಟಿ ಮೇಣದ ತುಂಡುಗಳು ಡಬ್ಬಿಯಲ್ಲಿ ಸಿಗುತ್ತವೆ, ಕರಗಿಸಲು ಬ್ಯಾಟರಿಯ ಪುಟ್ಟ ಸಾಧನ. ಊರಿಗೆ ಬಂದಾಗ ಅಮ್ಮನ ಶೋಕೇಸ್‌ಗೆ ಬಳಸಿದೆ, ಚೆನ್ನಾಗಿ ಬಂತು. ಆದರೆ ಅದರ ಮೇಲೆ ವಾರ್ನಿಶ್ ಹಚ್ಚಿದೆ, ಆ ಜಾಗದಲ್ಲಿ ಮಾತ್ರ ಸುಕ್ಕು ಸುಕ್ಕಾಗಿ ಎದ್ದು ಬಂತು.

ಪಾಲಿಶ್ ಮನೆ

ಮೇಣದ ಮೇಲೆ ಪಾಲಿಶ್ ಸರಿಯಾಗಿ ನಿಲ್ಲಲ್ಲ ಸರ್. ಪಾಲಿಶ್ ಎಲ್ಲಾ ಮುಗಿದ ಮೇಲೆ ಕೊನೆಗೆ ಮೇಣ. ಪಾಲಿಶ್‌ಗೆ ಮೊದಲು ತುಂಬುವುದಾದರೆ ಅರಗು ಅಥವಾ ಎಪಾಕ್ಸಿ.

ಗರಗಸ

ಅಪ್ಪನನ್ನು ಕೇಳಿದೆ. ಹೊನ್ನೆಗೆ ಅವರು ಅರಗಿನ ಪಾಲಿಶ್‌ನಲ್ಲೇ ಮರದ ಪುಡಿ ಕಲಸುತ್ತಿದ್ದರು, ಫೆವಿಕಾಲ್ ಅಲ್ಲ. ನಾನು ತಪ್ಪು ಹೇಳಿದ್ದೆ. ಪುಡಿ ಉಪ್ಪು ಕಾಗದದಿಂದ ಬಂದದ್ದು ಬೇಡ, ಬ್ಲೇಡಿನಲ್ಲಿ ಕೆರೆದದ್ದೇ ಆಗಬೇಕು ಅಂದರು. ಉಪ್ಪು ಕಾಗದದ ಕಣ ಸೇರಿದರೆ ಬಣ್ಣ ಕೆಡುತ್ತದಂತೆ. ಕಬ್ಬಿಣದ ಸ್ಟೀಲ್ ವೂಲ್ ಹತ್ತಿರ ತರಬೇಡ ಅಂತಲೂ ಹೇಳಿದರು. ಅದರ ಚೂರು ಮರದ ರಂಧ್ರದಲ್ಲಿ ಉಳಿದು, ತೇವ ತಾಗಿದಾಗ ಮರದ ಒಗರಿನ ಜೊತೆ ಸೇರಿ ಕಪ್ಪು ಚುಕ್ಕೆ ಏಳುತ್ತೆ.

ಇನ್ನೊಂದು ಸಾಗರದವರಿಗೆ. ಕಡಲೆಬೇಳೆಯಷ್ಟು ದೊಡ್ಡ ಜಾಗಕ್ಕೆ ಏನೂ ತುಂಬಬೇಡ, ತೇಪೆ ಹಾಕು ಅಂದರು ಅಪ್ಪ.

ಸಾಗರದ ಮಳೆ

ತೇಪೆ ಹೇಗೆ ಅಣ್ಣ? ಆ ವೆನಿಯರ್ ಎಲ್ಲಿಂದ ತರಲಿ?

ಗರಗಸ

ಅಪ್ಪ ಹೇಳಿದ್ದನ್ನೇ ಬರೆಯುತ್ತಿದ್ದೇನೆ.

ಪೆಟ್ಟಿಗೆಯ ಹಿಂಭಾಗದಲ್ಲಿ ಮುಚ್ಚಳದ ಹಿಂದೆ ಅಡಗುವ ಅಂಚು ಇರುತ್ತೆ. ಅಲ್ಲಿಂದ ಬೆರಳಗಲ ತೆಗೆಯಬಹುದು. ಮುರಿದ ತುದಿಗೆ ಒಂದು ಹನಿ ಬಿಸಿನೀರು ತಾಗಿಸಿ ನೋಡಿ. ಜಿಗುಟಾದರೆ ಸರೇಸು, ಚರ್ಮ ಮೂಳೆ ಕುದಿಸಿ ಮಾಡುತ್ತಿದ್ದ ಹಳೇ ಅಂಟು. ಅದಾದರೆ ಬಿಸಿ ಚಾಕು ತೂರಿಸಿದರೆ ವೆನಿಯರ್ ಇಡಿಯಾಗಿ ಬಿಡುತ್ತೆ.

ತೇಪೆ ಚೌಕ ಆಗಬಾರದು, ದುಂಡೂ ಆಗಬಾರದು. ದೋಣಿಯ ಆಕಾರ, ಎರಡು ಮೊನೆ ಎಳೆಯ ದಿಕ್ಕಿಗೆ. ಎಳೆಗೆ ಅಡ್ಡವಾಗಿ ಕೊಯ್ದ ಗೆರೆ ದೂರದಿಂದಲೇ ಕಾಣುತ್ತೆ, ಎಳೆಯ ಜೊತೆ ಓರೆಯಾಗಿ ಹೋದದ್ದು ಕಾಣಲ್ಲ. ತೇಪೆಯನ್ನು ಮೊದಲು ಕೊಯ್ದು, ಜಾಗದ ಮೇಲಿಟ್ಟು, ಅದರ ಸುತ್ತ ಬ್ಲೇಡಿನ ಮೊನೆಯಿಂದ ಗುರುತು ಹಾಕಿ, ಆ ಗುರುತಿಗೆ ಕೆಳಗಿನದನ್ನು ಕೊಯ್ಯಬೇಕು. ಅದಲು ಬದಲು ಮಾಡಬೇಡಿ. ಕೂರಿಸುವ ಮೊದಲು ಹಿಂದು ಮುಂದು ತಿರುಗಿಸಿ ನೋಡಿ. ಒಂದು ದಿಕ್ಕಿಗೆ ಸುತ್ತಲಿನ ಮರದ ಹಾಗೇ ಹೊಳೆಯುತ್ತೆ, ತಿರುಗಿಸಿದರೆ ಅದೇ ತುಂಡು ಕಪ್ಪಾಗಿ ಕಾಣುತ್ತೆ. ರೇಷ್ಮೆ ಸೀರೆ ತಿರುಗಿಸಿದ ಹಾಗೆ. ಎಷ್ಟೋ ಜನ ಇದನ್ನು ಗಮನಿಸದೆ ಅಂಟಿಸಿ, ಆಮೇಲೆ ಬಣ್ಣ ಹೊಂದಿಸಲು ಹೋಗ್ತಾರೆ ಅಂತ ಅಪ್ಪ ಬೇಜಾರು ಮಾಡಿಕೊಂಡರು.

ಅಂಟು ತೀರಾ ತೆಳು, ಮೇಲೆ ಪ್ಲಾಸ್ಟಿಕ್ ಹಾಳೆ, ಅದರ ಮೇಲೆ ಮರದ ತುಂಡು, ಒಂದು ರಾತ್ರಿ ಭಾರ.

ಸಾಗರದ ಮಳೆ

ಐದು ವಾರ ಆಯಿತು. ಎಲ್ಲರಿಗೂ ವರದಿ ಕೊಡಬೇಕು.

ಕಪ್ಪು ಕಾಗದದ ಮೇಲೆ ಮೂರು ವಾರದಲ್ಲಿ ಏನೂ ಬೀಳಲಿಲ್ಲ, ಹುಳ ಎಂದೋ ಹೋಗಿದೆ. ಆದರೂ ಒಳಗಡೆ ಔಷಧಿ ಹಚ್ಚಿದೆ. ಹಿಂದಿನ ಅಂಚಿನಲ್ಲಿ ನೋಡಿದರೆ ಮರ ಬೀಟೆ ಅಲ್ಲವೇ ಅಲ್ಲ, ತಿಳಿ ಕಂದು. ಪಾಲಿಶ್ ಮನೆ ಸರ್ ಹೇಳಿದ ಹಾಗೆ ಬಣ್ಣವೆಲ್ಲ ಲ್ಯಾಕರ್‌ನಲ್ಲಿದೆ. ಉಜ್ಜಿಸಿದ್ದರೆ ಎಲ್ಲಾ ಹೋಗಿರುತ್ತಿತ್ತು. ಅಪ್ಪನಿಗೆ ತೋರಿಸಿದೆ, ಸುಮ್ಮನೆ ನೋಡುತ್ತಾ ನಿಂತರು.

ಸ್ಪಿರಿಟ್‌ಗೆ ಬಿಡಲಿಲ್ಲ, ಥಿನ್ನರ್‌ಗೆ ಬಿಟ್ಟಿತು. ಎರಡು ತೂತಿನ ಸುತ್ತ ಟೊಳ್ಳು ಸದ್ದು ಬಂತು, ಅಲ್ಲಿಗೆ ಮೊದಲು ಎಪಾಕ್ಸಿ. ಬೊಂಬೆ ಊರಿನವರು ಹೇಳಿದ ಅರಗಿನ ಕಡ್ಡಿ ಚನ್ನಪಟ್ಟಣದಿಂದ ತರಿಸಿದೆ, ಕಂದು ಮತ್ತು ಕಪ್ಪು. ಮೊದಲು ಒಂದು ಹಳೇ ಪ್ಲೈ ತುಂಡಿನಲ್ಲಿ ಇಪ್ಪತ್ತು ತೂತು ಕೊರೆದು ಅಭ್ಯಾಸ ಮಾಡಿದೆ. ಮೊದಲ ಆರರಲ್ಲಿ ಅರಗು ಸುಟ್ಟು ನೊರೆ ಬಂತು. ಚಾಕುವನ್ನು ಕಾಯಿಸಿ ಹತ್ತು ಎಣಿಸಿದ ಮೇಲೆ ಮುಟ್ಟಿಸಿದರೆ ಸರಿ ಅಂತ ಏಳನೆಯದಕ್ಕೆ ಗೊತ್ತಾಯಿತು. ಕರಗುವಾಗ ಬರುವ ವಾಸನೆ ಅಂಚೆ ಕಚೇರಿಯಲ್ಲಿ ಪಾರ್ಸೆಲ್‌ಗೆ ಸೀಲ್ ಒತ್ತುವ ವಾಸನೆಯೇ.

ಹುಳದ ಹನ್ನೊಂದೂ ತುಂಬಿದೆ. ಗೆರೆ ಎಳೆದಿದ್ದು ಅಕ್ಕನ ಮಗಳು, ಅವಳ ಕೈ ನಡುಗಲ್ಲ. ಕಿಟಕಿ ಬೆಳಕಿನಲ್ಲಿ ಓರೆಯಾಗಿ ನೋಡಿದರೆ ನಾಲ್ಕು ಕಾಣುತ್ತವೆ. ಉಳಿದ ಏಳು ಎಲ್ಲಿದ್ದವು ಅಂತ ನನಗೇ ಹುಡುಕಬೇಕು. ತೇಪೆ ಒಂದು ಬದಿಯಲ್ಲಿ ಕೂದಲಷ್ಟು ಸಂದಿ ಬಿಟ್ಟಿದೆ, ಅದಕ್ಕೂ ಅರಗು ಇಳಿಸಿದೆ. ಸುಣ್ಣದ ಡಬ್ಬಿಯ ಗುರುತು ಇದ್ದ ಹಾಗೇ ಇದೆ.

ಮೂರು ಮೊಳೆ ತೂತು ಮಾತ್ರ ತುಂಬಲಿಲ್ಲ. ತುಂಬುವ ಮೊದಲು ಅಜ್ಜಿಗೆ ತೋರಿಸಿದ್ದೆ. ಏರಿಯಲ್ ತಂತಿ ಕಟ್ಟಲು ಅಜ್ಜ ಹೊಡೆದ ಮೊಳೆಗಳಂತೆ. "ಹೊಸಾ ರೇಡಿಯೊಗೆ ಮೊಳೆ ಹೊಡೀತೀರಲ್ಲ ಅಂತ ಎರಡು ದಿನ ಮಾತು ಬಿಟ್ಟಿದ್ದೆ" ಅಂದರು. ಬಿಡು, ಅದು ಇರಲಿ ಅಂದರು. ಬಿಟ್ಟೆ.

ಹೊಸಮನೆ

ನನ್ನದು ನಲವತ್ತರಲ್ಲಿ ಇಪ್ಪತ್ತಾರು ಮುಗಿದವು. ದಿನಕ್ಕೆ ಐದೇ ಮಾಡ್ತೀನಿ, ಆಮೇಲೆ ಕಣ್ಣು ಸೋಲುತ್ತೆ.

ಹಳೇ ವಾಲ್ವ್

ಸಾಗರದವರೇ, ಪೆಟ್ಟಿಗೆ ಆಯಿತು. ಈಗ ಒಳಗಿನ ರೇಡಿಯೊ ಫೋಟೊ ಹಾಕಿ, ಅಡಿಭಾಗದ್ದೂ ಇರಲಿ. ಯಾವ ಯಾವ ಕೆಪಾಸಿಟರ್ ಬದಲಿಸಬೇಕು ಅಂತ ನೋಡೋಣ.